124ನೇ ಮಹಡಿಯೋ 148ನೇ ಮಹಡಿಯೋ: ಎತ್ತರದಿಂದ ಎಷ್ಟು ದೂರ ಕಾಣುತ್ತದೆ

ದುಬೈನಲ್ಲಿ ಕೆಲಸದಲ್ಲಿರುವ ಮಗನ ಮನೆಗೆ ಹೊರಡುವ ಸಿದ್ಧತೆಯಲ್ಲಿದ್ದ ನಮ್ಮ ಬೀದಿಯ ಯಜಮಾನರೊಬ್ಬರು ಕಳೆದ ತಿಂಗಳು ಮೊಬೈಲಿನಲ್ಲಿ ಬುರ್ಜ್ ಖಲೀಫಾದ ಟಿಕೆಟ್ ಪುಟವನ್ನು ತೆರೆದುಕೊಂಡೇ ನಮ್ಮ ಮನೆಗೆ ಬಂದರು. "ಮೇಷ್ಟ್ರೇ, 124ನೇ ಮಹಡಿಗೆ ಒಂದು ರೇಟು ಹಾಕಿದ್ದಾರೆ, 148ಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಹಾಕಿದ್ದಾರೆ. ಅಷ್ಟು ಹೆಚ್ಚು ಕೊಟ್ಟರೆ ಅಷ್ಟು ಹೆಚ್ಚು ಕಾಣುತ್ತದೆಯೋ?" ಎಂಬುದು ಅವರ ಪ್ರಶ್ನೆ. ಚಿತ್ರದುರ್ಗದ ಕಾಲೇಜೊಂದರಲ್ಲಿ ಬಹಳ ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಾದ್ದರಿಂದ ನನಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುವುದು ಕಷ್ಟ. ಅಷ್ಟು ಹೆಚ್ಚು ಕಾಣುವುದಿಲ್ಲ, ಹೋಗುವ ದಿನವನ್ನೂ ಹೊತ್ತನ್ನೂ ಸರಿಯಾಗಿ ಆರಿಸಿಕೊಂಡರೆ ಮಹಡಿಯ ಸಂಖ್ಯೆಗಿಂತ ಅದೇ ಹೆಚ್ಚು ತೋರಿಸುತ್ತದೆ ಎಂದು ಅವರಿಗೆ ಒಂದೇ ಮಾತಿನಲ್ಲಿ ಹೇಳಿದೆ. ಆ ಮಾತಿನ ಹಿಂದಿರುವ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಎತ್ತರ ಎಂದರೆ ಯಾವುದರಿಂದ ಎತ್ತರ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. 2010ರ ಜನವರಿ 4ರಂದು ಉದ್ಘಾಟನೆಯಾದ ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದೆ. ಜನರು ನಿಂತು ನೋಡುವ 124ನೇ ಮಹಡಿ ನೆಲದಿಂದ 452 ಮೀಟರ್ ಮೇಲಿದ್ದರೆ, 148ನೇ ಮಹಡಿ 555 ಮೀಟರ್ ಮೇಲಿದೆ. ಕಟ್ಟಡದ ಬುಡವಾದರೋ ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲಿಯೇ ಇದೆ. ನಮ್ಮ ಚಿತ್ರದುರ್ಗ ಊರು ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್, ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿವೆ. ಅಂದರೆ ದಾವಣಗೆರೆಯ ಹೋಟೆಲಿನಲ್ಲಿ ಬೆಣ್ಣೆದೋಸೆಗೆ ಕಾಯುತ್ತ ಕುಳಿತವರು ಕೂಡ, ಸಮುದ್ರದ ಲೆಕ್ಕ ಹಿಡಿದರೆ, ದುಬಾರಿ ಟಿಕೆಟ್ ಕೊಂಡು 148ನೇ ಮಹಡಿಯಲ್ಲಿ ನಿಂತವರಿಗಿಂತ ಮೇಲಿದ್ದಾರೆ. ಆದರೂ ಅವರಿಗೆ ಎದುರಿನ ಅಂಗಡಿಯ ಬೋರ್ಡು ಬಿಟ್ಟು ಬೇರೇನೂ ಕಾಣುವುದಿಲ್ಲ, ಏಕೆಂದರೆ ಸುತ್ತಲಿನ ನೆಲವೂ ಅವರ ಜೊತೆಗೇ ಮೇಲೆದ್ದು ನಿಂತಿದೆ. ನೋಟಕ್ಕೆ ಬೇಕಾದದ್ದು ಸುತ್ತಲಿನ ಬಯಲಿಗಿಂತ ಎಷ್ಟು ಎತ್ತರದಲ್ಲಿದ್ದೇವೆ ಎಂಬ ಲೆಕ್ಕ ಮಾತ್ರ. ಚಿತ್ರದುರ್ಗದ ಕೋಟೆಯ ತುಪ್ಪದ ಕೊಳದ ಬತೇರಿ ಎಂಬ ಕಾವಲು ಬುರುಜನ್ನು ಅಷ್ಟು ಮೇಲೆ, ಬಂಡೆಯ ನೆತ್ತಿಯಲ್ಲಿ ಕಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ದೂರದ ವಿಚಾರ. ಭೂಮಿ ದುಂಡಗಿರುವುದರಿಂದ, ನಮ್ಮ ಕಣ್ಣಿನಿಂದ ಹೊರಟ ನೋಟದ ಗೆರೆ ಒಂದು ಕಡೆ ನೆಲವನ್ನು ಸವರಿಕೊಂಡು ಆಚೆಗೆ ಹೋಗಿಬಿಡುತ್ತದೆ. ಆ ಸವರುವ ಜಾಗವೇ ದಿಗಂತ. ಭೂಮಿಯ ಕೇಂದ್ರ, ನಮ್ಮ ಕಣ್ಣು ಮತ್ತು ಆ ಜಾಗ ಇವು ಮೂರನ್ನೂ ಸೇರಿಸಿದರೆ ಒಂದು ಲಂಬಕೋನ ತ್ರಿಭುಜವಾಗುತ್ತದೆ, ಭೂಮಿಯ ತ್ರಿಜ್ಯ ಸುಮಾರು 6,371 ಕಿಲೋಮೀಟರ್ ಎಂದು ಗೊತ್ತಿದೆ, ಉಳಿದದ್ದನ್ನು ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಮಾಡಿಕೊಡುತ್ತದೆ. ಬಾಯಿಲೆಕ್ಕಕ್ಕೆ ಸುಲಭವಾಗಲೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಸೂತ್ರ ಇಷ್ಟೇ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 13ರಿಂದ ಗುಣಿಸಿ, ಬಂದದ್ದರ ವರ್ಗಮೂಲ ತೆಗೆದರೆ ದಿಗಂತ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಹತ್ತಿರಹತ್ತಿರ ಸಿಗುತ್ತದೆ. ಕಡಲ ದಂಡೆಯಲ್ಲಿ ನಿಂತವನ ಕಣ್ಣು ಒಂದೂವರೆ ಮೀಟರಿಗಿಂತ ಸ್ವಲ್ಪ ಮೇಲಿರುತ್ತದೆ, ಹಾಗಾಗಿ ಅವನಿಗೆ ನೀರು ಮುಗಿಯುವಂತೆ ಕಾಣುವುದು ಕೇವಲ ನಾಲ್ಕೂವರೆ ಕಿಲೋಮೀಟರ್ ಆಚೆ. ಸಮತಟ್ಟಾದ ಬಯಲಿನ ನಡುವೆ 100 ಮೀಟರ್ ಎತ್ತರದ ಬಂಡೆ ಹತ್ತಿದರೆ ದಿಗಂತ 36 ಕಿಲೋಮೀಟರಿಗೆ ಸರಿಯುತ್ತದೆ.

ಈ ಸೂತ್ರದಲ್ಲಿರುವ ವರ್ಗಮೂಲವೇ ನಮ್ಮ ಯಜಮಾನರ ಪ್ರಶ್ನೆಗೆ ಉತ್ತರ. ವರ್ಗಮೂಲವಿರುವುದರಿಂದ, ನೋಟದ ದೂರ ಎರಡು ಪಟ್ಟಾಗಬೇಕಾದರೆ ಎತ್ತರ ನಾಲ್ಕು ಪಟ್ಟಾಗಬೇಕು. ಮೊದಲ ನೂರು ಮೀಟರ್ ಏರಿದಾಗ ಸಿಗುವ ಲಾಭ ಐದನೆಯ ನೂರು ಮೀಟರಿನಲ್ಲಿ ಸಿಗುವುದಿಲ್ಲ. 452 ಮೀಟರಿಗೆ ದಿಗಂತ ಸುಮಾರು 76 ಕಿಲೋಮೀಟರ್, 555 ಮೀಟರಿಗೆ ಸುಮಾರು 84 ಕಿಲೋಮೀಟರ್. ನೂರು ಮೀಟರಿಗೂ ಮಿಗಿಲಾದ ಹೆಚ್ಚುವರಿ ಎತ್ತರಕ್ಕೆ ಸಿಕ್ಕಿದ್ದು ಎಂಟು ಕಿಲೋಮೀಟರ್, ಅದೂ ದಿಗಂತದ ಅಂಚಿನಲ್ಲಿ, ಅಂದರೆ ಮರಳುಗಾಡು ಮತ್ತು ಕಡಲು ಬಿಟ್ಟರೆ ನೋಡುವುದಕ್ಕೆ ಏನೂ ಇಲ್ಲದ ಕಡೆಯಲ್ಲಿ. ಗಾಳಿಯು ಬೆಳಕನ್ನು ತುಸು ಬಾಗಿಸುವುದರಿಂದ ವಾಸ್ತವದಲ್ಲಿ ಎರಡೂ ಅಂಕಿಗಳು ಶೇಕಡಾ ಎಂಟರಷ್ಟು ಹಿಗ್ಗುತ್ತವೆ, ಆದರೆ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಹೋಲಿಕೆ ಕೆಡುವುದಿಲ್ಲ. ದಿಗಂತದಾಚೆ ಇರುವ ಎತ್ತರದ ವಸ್ತುಗಳ ತಲೆ ಮಾತ್ರ ಕಾಣುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು. ನಮ್ಮ ಕಡೆಯ ಗುಡ್ಡಗಳ ಮೇಲೆ ನಿಂತಿರುವ, ಜನರು ಫ್ಯಾನು ಎಂದೇ ಕರೆಯುವ ಗಾಳಿಯಂತ್ರಗಳು ಹೆದ್ದಾರಿಯಲ್ಲಿ ಬರುವವರಿಗೆ ಊರು ಕಾಣುವುದಕ್ಕೆ ಬಹಳ ಮೊದಲೇ ರೆಕ್ಕೆ ತೋರಿಸುವುದು ಇದೇ ಕಾರಣದಿಂದ.

ಇಷ್ಟೆಲ್ಲ ಹೇಳಿದರೂ 76 ಮತ್ತು 84 ಕಾಗದದ ಮೇಲಿನ ಅಂಕಿಗಳೇ, ಏಕೆಂದರೆ ನಡುವೆ ಗಾಳಿಯಿದೆ. ನಾನು ಅಲ್ಲಿಗೆ ಹೋದದ್ದು ಒಂದು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ. ಆ ಹೊತ್ತಿನ ಟಿಕೆಟ್ ಅಗ್ಗವಾಗಿತ್ತು ಎಂಬುದೊಂದೇ ಕಾರಣ. ಗಾಜಿನ ಮುಂದೆ ಹೋಗಿ ನಿಂತರೆ ಬುಡದ ಕಾರಂಜಿ ಕೆರೆ, ಅದರ ಪಕ್ಕದ ರಸ್ತೆಗಳು ಸ್ಪಷ್ಟವಾಗಿದ್ದವು, ಒಂದಿಷ್ಟು ದೂರದ ಕಟ್ಟಡಗಳು ಮಜ್ಜಿಗೆಯಲ್ಲಿ ಅದ್ದಿದಂತಿದ್ದವು, ಅದರಾಚೆ ಕಡಲೂ ಇಲ್ಲ, ಆಕಾಶವೂ ಇಲ್ಲ, ಎರಡೂ ಕಲಸಿಹೋದ ಒಂದು ಬಿಳಿ ಪರದೆ ಮಾತ್ರ. ಪಕ್ಕದಲ್ಲಿ ಐದಾರು ವರ್ಷದ ಹುಡುಗನೊಬ್ಬ ಹಣೆಯನ್ನು ಗಾಜಿಗೆ ಒತ್ತಿ ಎಷ್ಟೋ ಹೊತ್ತು ನಿಂತಿದ್ದು, ಹೊರಟುಹೋದ ಮೇಲೆ ಅವನ ಹಣೆಯ ಬೆವರಿನ ಗುರುತೊಂದು ಅಲ್ಲಿ ಉಳಿದಿತ್ತು. ಆ ದಿನ ಸ್ಪಷ್ಟವಾಗಿ ಕಂಡ ದೃಶ್ಯಗಳಲ್ಲಿ ಅದೂ ಒಂದು.

ದೂಳಿನ ಕಣ, ತೇವಾಂಶದ ಹನಿ, ಹೊಗೆ ಇವು ಪ್ರತಿಯೊಂದೂ ದೂರದ ವಸ್ತುವಿನಿಂದ ಬರುವ ಬೆಳಕನ್ನು ಒಂದಿಷ್ಟು ಪಕ್ಕಕ್ಕೆ ಚೆದುರಿಸುತ್ತವೆ. ಅದೇ ಸಮಯದಲ್ಲಿ ಸೂರ್ಯನ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ಚೆದುರಿಸಿ ಬಿಳುಪನ್ನು ತುಂಬುತ್ತವೆ. ದೂರ ಹೆಚ್ಚಿದಂತೆಲ್ಲ ವಸ್ತುವಿನಿಂದ ಬರುವ ಬೆಳಕು ಕಡಿಮೆಯಾಗುತ್ತ, ಈ ಬಿಳುಪು ಹೆಚ್ಚುತ್ತ ಹೋಗಿ, ವಸ್ತುವಿಗೂ ಹಿನ್ನೆಲೆಗೂ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕೊಲ್ಲಿ ದೇಶಗಳಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬಿಸಿ, ದೂಳು ಮತ್ತು ಕಡಲಿನ ತೇವ ಮೂರೂ ಸೇರುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಗಾಳಿ ಸಾಮಾನ್ಯವಾಗಿ ತಿಳಿಯಾಗಿರುತ್ತದೆಯಾದರೂ ಕೆಲವು ಬೆಳಗುಗಳಲ್ಲಿ ದಟ್ಟ ಮಂಜು ಇಳಿದು ಕಟ್ಟಡಗಳ ತುದಿ ಮಾತ್ರ ಮೇಲೆ ತೇಲುತ್ತಿರುತ್ತದೆ. ನಮ್ಮಲ್ಲಿಯೂ ಬೇಸಿಗೆಯ ಮಧ್ಯಾಹ್ನ ಬತೇರಿಯ ಮೇಲಿಂದ ಊರಾಚೆಯ ಗುಡ್ಡ ಮಸುಕಾಗಿರುತ್ತದೆ, ಮುಂಗಾರಿನಲ್ಲಿ ಮಳೆ ಹೊಳವಾದ ಸಂಜೆ ಅದೇ ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆಗಳನ್ನು ಎಣಿಸಬಹುದು. ಬತೇರಿಯೇನೂ ಎತ್ತರ ಬೆಳೆದಿರುವುದಿಲ್ಲ, ಮಳೆ ಗಾಳಿಯನ್ನು ತೊಳೆದಿರುತ್ತದೆ. ಹೀಗಾಗಿ ಟಿಕೆಟ್ ಕೊಳ್ಳುವ ಮುನ್ನ ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಉಷ್ಣಾಂಶದ ಕೆಳಗೆ ವಿಸಿಬಿಲಿಟಿ ಎಂದು ಕಿಲೋಮೀಟರಿನಲ್ಲಿ ಕೊಟ್ಟಿರುವ ಅಂಕಿಯನ್ನು ನೋಡುವುದು ಒಳ್ಳೆಯದು. ಅದು ಹತ್ತರ ಒಳಗಿದ್ದರೆ 124ನೇ ಮಹಡಿಗೂ 148ನೇ ಮಹಡಿಗೂ ದೂರನೋಟದಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ.

ಹಾಗಾದರೆ ಹೆಚ್ಚುವರಿ ಎತ್ತರ ಬದಲಾಯಿಸುವುದು ಏನನ್ನು? ಕಾಲ ಕೆಳಗಿನ ನೋಟವನ್ನು. ನಾಲ್ಕೂವರೆ ಮೀಟರ್ ಉದ್ದದ ಒಂದು ಕಾರು 452 ಮೀಟರ್ ಮೇಲಿನಿಂದ ನೇರ ಕೆಳಗೆ ನೋಡಿದಾಗ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ಒಂದು ಎಳೆ ದೊಡ್ಡದಾಗಿ ಕಂಡರೆ, 555 ಮೀಟರ್ ಮೇಲಿನಿಂದ ಚಂದ್ರನಿಗಿಂತ ಒಂದು ಎಳೆ ಚಿಕ್ಕದಾಗಿ ಕಾಣುತ್ತದೆ. ಮನುಷ್ಯರು ಚುಕ್ಕೆಗಳಾಗುತ್ತಾರೆ, ಎತ್ತರ ಹೆಚ್ಚಿದಂತೆ ಚುಕ್ಕೆಯೂ ಸಣ್ಣದಾಗುತ್ತದೆ. ನಗರ ನಕ್ಷೆಯಾಗಿ ಕಾಣಬೇಕೆಂದು ಬಯಸುವವರಿಗೆ ಅದು ಚೆನ್ನ. ಆದರೆ ಸಿಗ್ನಲ್ಲಿನಲ್ಲಿ ನಿಂತ ಬಸ್ಸು, ದಾರಿ ದಾಟುವ ಜನ, ಮಹಡಿಯ ಮೇಲೆ ಒಣಹಾಕಿದ ಬಟ್ಟೆ ಇವನ್ನು ನೋಡಬೇಕೆನ್ನುವವರಿಗೆ 200ರಿಂದ 300 ಮೀಟರಿನ ಎತ್ತರವೇ ಹಿತವೆಂಬುದು ನನ್ನ ಅಭಿಪ್ರಾಯ. ಸಿಂಗಪುರದ ಮರೀನಾ ಬೇ ಸ್ಯಾಂಡ್ಸ್‌ನ ಮೇಲ್ತುದಿ ಸುಮಾರು 200 ಮೀಟರ್, ನ್ಯೂಯಾರ್ಕಿನ ರಾಕೆಫೆಲ್ಲರ್ ಸೆಂಟರಿನ 70ನೇ ಮಹಡಿ ಸುಮಾರು 259 ಮೀಟರ್. ಈ ಎರಡನೆಯದರಿಂದ ಎಂಪೈರ್ ಸ್ಟೇಟ್ ಕಟ್ಟಡವು ಪೂರ್ತಿಯಾಗಿ ಎದುರಿಗೇ ನಿಲ್ಲುತ್ತದೆ. ಎಂಪೈರ್ ಸ್ಟೇಟ್‌ನ ಮೇಲೆಯೇ ಹತ್ತಿದವರಿಗೆ ಆ ಊರಿನ ಅತಿ ಪ್ರಸಿದ್ಧ ಕಟ್ಟಡವೊಂದು ಚಿತ್ರದಲ್ಲಿ ಇರುವುದೇ ಇಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ಸೂರ್ಯಾಸ್ತದ ಟಿಕೆಟ್ಟಿಗೆ ಹೆಚ್ಚು ಬೆಲೆಯಿಟ್ಟಿರುವುದರಲ್ಲಿ ನ್ಯಾಯವಿದೆ. ಒಂದೇ ಟಿಕೆಟ್ಟಿನಲ್ಲಿ ಹಗಲು, ಸಂಜೆಗೆಂಪು, ದೀಪ ಹತ್ತಿದ ಊರು ಮೂರೂ ಸಿಗುತ್ತವೆ. ಟಿಕೆಟ್ಟಿನಲ್ಲಿ ನಮೂದಾಗಿರುವುದು ಕೆಳಗಿನ ಬಾಗಿಲಿನ ಸಮಯವೇ ಹೊರತು ಮೇಲೆ ತಲುಪುವ ಸಮಯವಲ್ಲ, ಆದ್ದರಿಂದ ತಪಾಸಣೆ ಮತ್ತು ಸಾಲಿಗೆಂದು ಒಂದು ಗಂಟೆಯಾದರೂ ಹಿಂದಿನ ಸಮಯವನ್ನು ಆರಿಸಿಕೊಳ್ಳಬೇಕು. ದುಬೈನಲ್ಲಿ ಡಿಸೆಂಬರಿನಲ್ಲಿ ಐದೂವರೆಯ ಸುಮಾರಿಗೆ, ಜೂನಿನಲ್ಲಿ ಏಳು ದಾಟಿದ ಮೇಲೆ ಹೊತ್ತು ಮುಳುಗುತ್ತದೆ.

ಅಲ್ಲಿ ಹೊತ್ತು ಮುಳುಗುವುದರಲ್ಲಿಯೂ ಒಂದು ವಿಶೇಷವಿದೆ. ಎತ್ತರದಲ್ಲಿ ನಿಂತವನಿಗೆ ದಿಗಂತ ದೂರ ಸರಿಯುವುದಷ್ಟೇ ಅಲ್ಲದೆ ಕೆಳಕ್ಕೂ ಇಳಿಯುತ್ತದೆ. 555 ಮೀಟರಿನಲ್ಲಿ ಅದು ಕಣ್ಣಿನ ಮಟ್ಟದಿಂದ ಸುಮಾರು ಮುಕ್ಕಾಲು ಡಿಗ್ರಿ ಕೆಳಗಿರುತ್ತದೆ. ಆಕಾಶದಲ್ಲಿ ಸೂರ್ಯ ಒಂದು ಡಿಗ್ರಿ ಸರಿಯಲು ನಾಲ್ಕು ನಿಮಿಷ ತೆಗೆದುಕೊಳ್ಳುವುದರಿಂದ, ನೆಲದ ಮೇಲಿದ್ದವರಿಗೆ ಸೂರ್ಯ ಮುಳುಗಿದ ಮೇಲೂ ಅಲ್ಲಿರುವವರಿಗೆ ಸುಮಾರು ಮೂರು ನಿಮಿಷ ಅವನು ಕಾಣುತ್ತಲೇ ಇರುತ್ತಾನೆ. ಇದು ಬರಿಯ ಲೆಕ್ಕದ ಚಮತ್ಕಾರವಾಗಿ ಉಳಿದಿಲ್ಲ: 2011ರ ರಂಜಾನ್ ತಿಂಗಳಲ್ಲಿ ದುಬೈನ ಧಾರ್ಮಿಕ ಅಧಿಕಾರಿಗಳು, ಬುರ್ಜ್ ಖಲೀಫಾದ 80ನೇ ಮಹಡಿಯಿಂದ ಮೇಲಿರುವವರು ಎರಡು ನಿಮಿಷ, 150ನೇ ಮಹಡಿಯಿಂದ ಮೇಲಿರುವವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕೆಂದು ತಿಳಿಸಿದ್ದರು.

ಮೇಲೆ ಹೋಗುವ ಲಿಫ್ಟಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಾಲು, ಸಮಯದ ನಿಗದಿ, ಟಿಕೆಟ್ಟಿನ ಬೆಲೆ ಎಲ್ಲದರ ಮೂಲವೂ ಅಲ್ಲಿದೆ. ಲಿಫ್ಟಿನ ಕೆಲಸ ನಮ್ಮ ಹಳೆಯ ಏತದ ಹಾಗೆಯೇ: ಒಂದು ಕಡೆ ಜನರಿರುವ ಪೆಟ್ಟಿಗೆ, ಇನ್ನೊಂದು ಕಡೆ ಅದಕ್ಕೆ ಸಮನಾದ ಭಾರ, ಮೋಟಾರು ಎತ್ತುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಆದರೆ ಆಳದ ಬಾವಿಯಲ್ಲಿ ಕೊಡಕ್ಕಿಂತ ಹಗ್ಗವೇ ಭಾರವಾಗುವಂತೆ, ಸುಮಾರು 500 ಮೀಟರ್ ದಾಟಿದರೆ ಉಕ್ಕಿನ ಹಗ್ಗಕ್ಕೆ ತನ್ನ ಭಾರವನ್ನು ತಾನೇ ಹೊರುವುದು ಕಷ್ಟವಾಗುತ್ತದೆ. ಈ ತೊಡಕಿಗೆ ಪರಿಹಾರವಾಗಿ ಲಿಫ್ಟು ತಯಾರಿಸುವ ಕೋನೆ ಕಂಪನಿ 2013ರಲ್ಲಿ ಇಂಗಾಲದ ನಾರಿನ ಹಗುರ ಹಗ್ಗವನ್ನು ಹೊರತಂದಿತು. ಸಾಮಾನ್ಯವಾಗಿ ದೊಡ್ಡ ಕಟ್ಟಡಗಳಲ್ಲಿ ನಡುವೆ ಒಂದು ಕಡೆ ಇಳಿಸಿ ಬೇರೆ ಲಿಫ್ಟಿಗೆ ಹತ್ತಿಸುತ್ತಾರೆ. ಪ್ರತಿ ಲಿಫ್ಟಿನ ಓಣಿಯೂ ಕೆಳಗಿನಿಂದ ಮೇಲಿನವರೆಗೆ ಪ್ರತಿ ಮಹಡಿಯಲ್ಲಿ ಜಾಗ ತಿನ್ನುವುದರಿಂದ ಪ್ರವಾಸಿಗರಿಗೆಂದು ಬಿಟ್ಟುಕೊಡುವ ಲಿಫ್ಟುಗಳು ಕೈಬೆರಳೆಣಿಕೆಯಷ್ಟೇ. ಅವುಗಳಲ್ಲಿ ಒಂದು ಗಂಟೆಗೆ ಎಷ್ಟು ಜನ ಏರಬಹುದೋ ಅಷ್ಟೇ ಟಿಕೆಟ್ಟನ್ನು ಆ ಗಂಟೆಗೆ ಮಾರಬಹುದು.

ಬುರ್ಜ್ ಖಲೀಫಾದ ಲಿಫ್ಟು ಸೆಕೆಂಡಿಗೆ 10 ಮೀಟರ್ ಏರುತ್ತದೆ. ತೈವಾನಿನ ತೈಪೆ 101 ಕಟ್ಟಡದಲ್ಲಿ 5ನೇ ಮಹಡಿಯಿಂದ 89ನೇ ಮಹಡಿಗೆ 37 ಸೆಕೆಂಡು ಸಾಕು, 2015ರಲ್ಲಿ ಪೂರ್ಣಗೊಂಡ ಶಾಂಘೈ ಟವರಿನಲ್ಲಿ ವೇಗ ಸೆಕೆಂಡಿಗೆ 20 ಮೀಟರನ್ನೂ ಮೀರುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ಸು ಇಳಿಯುವಾಗ ಕಿವಿ ಕಟ್ಟುವುದನ್ನು ಬಲ್ಲವರಿಗೆ ಇಲ್ಲಿ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ನೂರು ಮೀಟರ್ ಏರಿದರೆ ಗಾಳಿಯ ಒತ್ತಡ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಇಳಿಯುತ್ತದೆ, 452 ಮೀಟರಿಗೆ ಸುಮಾರು ಶೇಕಡಾ 5. ಕೋಟೆ ಹತ್ತುವಾಗ ಒತ್ತಡ ಇಳಿಯುವುದು ನಿಧಾನವಾಗಿ, ಕಿವಿಗೆ ಹೊಂದಿಕೊಳ್ಳಲು ಬೇಕಾದಷ್ಟು ಸಮಯ ಸಿಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಎಲ್ಲವೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕಿವಿಯ ಒಳಭಾಗವನ್ನು ಗಂಟಲಿನ ಹಿಂಭಾಗಕ್ಕೆ ಸೇರಿಸುವ ಯುಸ್ಟೇಶಿಯನ್ ನಾಳವು ಒಳಗಿನ ಗಾಳಿಯನ್ನು ಹೊರಬಿಡುವಾಗ ಸುಲಭವಾಗಿ ತೆರೆದುಕೊಳ್ಳುತ್ತದೆ, ಹೊರಗಿನ ಗಾಳಿಯನ್ನು ಒಳಬಿಡಬೇಕಾದಾಗ ಮಾತ್ರ ಅಂಟಿಕೊಂಡು ಹಟ ಮಾಡುತ್ತದೆ. ಆದ್ದರಿಂದ ಏರುವುದಕ್ಕಿಂತ ಇಳಿಯುವಾಗಲೇ ತೊಂದರೆ ಹೆಚ್ಚು. ತೈಪೆ 101ರ ಲಿಫ್ಟು ಏರುವುದಕ್ಕಿಂತ ನಿಧಾನವಾಗಿ ಇಳಿಯುವುದು ಈ ಕಿವಿಯ ಸಲುವಾಗಿ. ಬಾಯಲ್ಲಿ ಒಂದು ಏಲಕ್ಕಿಯನ್ನೋ ಪೆಪ್ಪರ್‌ಮಿಂಟನ್ನೋ ಇಟ್ಟುಕೊಂಡು ಆಗಾಗ ಎಂಜಲು ನುಂಗುತ್ತಿದ್ದರೆ ನಾಳ ತೆರೆದುಕೊಳ್ಳುತ್ತದೆ. ನೆಗಡಿಯಾದವರು ಆ ದಿನ ಹೋಗದಿರುವುದೇ ಲೇಸು.

ಮೇಲೆ ನಿಂತಾಗ ಕಟ್ಟಡ ಅಲುಗುತ್ತದೆಯೇ ಎಂಬ ಭಯ ಹಲವರಿಗಿದೆ. ಅಲುಗುತ್ತದೆ, ಅಲುಗಬೇಕು, ಬಾಗದ ಕಟ್ಟಡವನ್ನು ಗಾಳಿ ಮುರಿಯುತ್ತದೆ. ಗಾಳಿ ಕಟ್ಟಡದ ಎರಡೂ ಬದಿಯಿಂದ ಸರದಿಯಂತೆ ಸುಳಿಗಳಾಗಿ ಕಳಚಿಕೊಳ್ಳುತ್ತದೆ, ಆ ಸುಳಿಗಳ ತಾಳ ಕಟ್ಟಡದ ಸಹಜ ತೂಗಾಟದ ತಾಳಕ್ಕೆ ಹೊಂದಿಬಿಟ್ಟರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಓಲಾಟ ಬೆಳೆಯುತ್ತ ಹೋಗುತ್ತದೆ. ಬುರ್ಜ್ ಖಲೀಫಾ ಮೇಲೆ ಹೋದಂತೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಆಕಾರ ಬದಲಿಸುವುದರಿಂದ ಒಂದೊಂದು ಎತ್ತರದಲ್ಲಿ ಸುಳಿಗಳ ತಾಳ ಒಂದೊಂದಾಗಿ, ಅವು ಒಟ್ಟುಗೂಡಿ ತಳ್ಳಲಾರದೆ ಹೋಗುತ್ತವೆ. ತೈಪೆಯವರು ಬೇರೆ ಉಪಾಯ ಮಾಡಿದ್ದಾರೆ. 87 ಮತ್ತು 92ನೇ ಮಹಡಿಗಳ ನಡುವೆ 660 ಟನ್ ತೂಕದ, ಐದೂವರೆ ಮೀಟರ್ ಅಡ್ಡಳತೆಯ ಉಕ್ಕಿನ ಗುಂಡೊಂದನ್ನು, ಗಾರೆಯವನು ತೂಗುಗುಂಡು ಇಳಿಬಿಟ್ಟ ಹಾಗೆ ನೇತುಹಾಕಿದ್ದಾರೆ. ಕಟ್ಟಡ ಒಂದು ಕಡೆ ವಾಲಿದಾಗ ಗುಂಡು ಹಿಂದುಳಿದು, ಎದುರು ತಾಳದಲ್ಲಿ ತೂಗಿ, ಜೊತೆಗಿರುವ ದ್ರವದ ಕೊಳವೆಗಳಲ್ಲಿ ಆ ಚಲನೆಯ ಶಕ್ತಿಯನ್ನು ಶಾಖವಾಗಿ ಕರಗಿಸಿಬಿಡುತ್ತದೆ. 2015ರ ಆಗಸ್ಟಿನಲ್ಲಿ ಸೌಡೆಲೋರ್ ಚಂಡಮಾರುತ ಬೀಸಿದಾಗ ಈ ಗುಂಡು ಒಂದು ಮೀಟರಿನಷ್ಟು ಓಲಾಡಿತ್ತು. ಪ್ರವಾಸಿಗರು ಅದನ್ನು ಹತ್ತಿರದಿಂದಲೇ ನೋಡಬಹುದು, ಮತ್ತು ನನ್ನ ಮಟ್ಟಿಗೆ ಅಲ್ಲಿನ ಕಿಟಕಿಗಿಂತ ಆ ಗುಂಡೇ ನೋಡತಕ್ಕದ್ದು.

ತಲೆ ಸುತ್ತುವುದಕ್ಕೆ ಕಾರಣ ಬಹುಪಾಲು ನಮ್ಮ ಕಣ್ಣಿನಲ್ಲಿಯೇ ಇದೆ. ನೆಟ್ಟಗೆ ನಿಂತಿರುವಾಗಲೂ ದೇಹ ಸಣ್ಣಗೆ ಓಲುತ್ತಿರುತ್ತದೆ, ಹತ್ತಿರದ ಗೋಡೆ, ಕಂಬಗಳು ಜರುಗಿದಂತೆ ಕಾಣುವುದರಿಂದ ಮಿದುಳು ಅದನ್ನು ಸರಿಪಡಿಸುತ್ತಿರುತ್ತದೆ; ಕಣ್ಣೆದುರು ಇರುವುದೆಲ್ಲ ನೂರಾರು ಮೀಟರ್ ದೂರದ್ದಾದಾಗ ಈ ಸೂಚನೆ ತಪ್ಪಿಹೋಗುತ್ತದೆ. ಕಂಬಿಯೊಂದನ್ನು ಹಿಡಿದುಕೊಂಡರೆ ಕಣ್ಣು ಕಳೆದುಕೊಂಡದ್ದನ್ನು ಕೈ ಕೊಡುತ್ತದೆ. ಶಿಕಾಗೋದ ವಿಲ್ಲಿಸ್ ಟವರಿನಲ್ಲಿ 412 ಮೀಟರ್ ಎತ್ತರದಲ್ಲಿ ಹೊರಗೆ ಚಾಚಿರುವ ಗಾಜಿನ ಪೆಟ್ಟಿಗೆಗಳಂಥ ಕಡೆ ಇದು ಇನ್ನೂ ಉಪಯುಕ್ತ. ಅಲ್ಲಿನ ಗಾಜು ಹಲವು ಪದರಗಳನ್ನು ಅಂಟಿಸಿ ಮಾಡಿದ್ದು, ಒಂದು ಪದರ ಬಿರಿದರೂ ಉಳಿದವು ಭಾರ ಹೊರುತ್ತವೆ. 2014ರಲ್ಲಿ ಬಿರುಕು ಬಿಟ್ಟದ್ದು ಮೇಲಿನ ರಕ್ಷಣಾ ಲೇಪನ ಮಾತ್ರ.

ಇಂಥ ಮಹಡಿಗಳನ್ನು ಏಕೆ ಇಡುತ್ತಾರೆ ಎಂಬುದಕ್ಕೆ ದಾವಣಗೆರೆಯ ವ್ಯಾಪಾರಸ್ಥರು ಮೆಚ್ಚುವಂಥ ಉತ್ತರವಿದೆ. 1931ರ ಮೇ 1ರಂದು, ಆರ್ಥಿಕ ಕುಸಿತದ ನಟ್ಟನಡುವೆ ತೆರೆದ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಕಚೇರಿಗಳಿಗೆ ಬಾಡಿಗೆದಾರರೇ ಸಿಗಲಿಲ್ಲ, ಆದರೆ 320 ಮೀಟರ್ ಎತ್ತರದ 86ನೇ ಮಹಡಿಗೆ ಜನ ಮುಗಿಬಿದ್ದರು. ಮೊದಲ ವರ್ಷ ಅಲ್ಲಿನ ಟಿಕೆಟ್ಟಿನಿಂದ ಬಂದ ಹಣ ಕಚೇರಿಗಳ ಬಾಡಿಗೆಗೆ ಸರಿಸಮನಾಗಿತ್ತು. ಇಳಿಯುವ ದಾರಿ ಇಂದಿಗೂ ಉಡುಗೊರೆ ಅಂಗಡಿಯ ಮೂಲಕವೇ ಹಾಯುವುದರಲ್ಲಿ ಆಶ್ಚರ್ಯವೇನಿಲ್ಲ.

ಫೋಟೋ ತೆಗೆಯುವವರಿಗೆ ಒಂದೇ ಮಾತು: ರಾತ್ರಿ ಗಾಜಿನಲ್ಲಿ ಕಾಣುವುದು ಒಳಗಿನ ದೀಪಗಳ ಪ್ರತಿಬಿಂಬ, ಆದ್ದರಿಂದ ಮೊಬೈಲನ್ನು ಗಾಜಿಗೆ ತಾಗಿಸಿ, ಸುತ್ತ ಕಪ್ಪು ಬಟ್ಟೆಯಿಂದ ಮರೆಮಾಡಬೇಕು. ಚಳ್ಳಕೆರೆಯ ಕರಿ ಕಂಬಳಿ ಇದಕ್ಕೆ ಬಲು ಸೊಗಸು, ಆದರೆ ವಿಮಾನದಲ್ಲಿ ಹೊತ್ತೊಯ್ಯಬೇಕಿಲ್ಲ. ಗಾಢ ಬಣ್ಣದ ಸ್ವೆಟರ್ ಸಾಕು.

ಯಜಮಾನರು ಕೊನೆಗೆ ಜನವರಿಯ ಒಂದು ಸಂಜೆಗೆ, ಸೂರ್ಯಾಸ್ತಕ್ಕೆ ಒಂದೂಕಾಲು ಗಂಟೆ ಮೊದಲಿನ ಸಮಯಕ್ಕೆ, 124ನೇ ಮಹಡಿಯ ಎರಡು ಟಿಕೆಟ್ ಕಾದಿರಿಸಿದರು. ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಮನೆಯವರು, "ಅದೆಲ್ಲ ಸರಿ ಮೇಷ್ಟ್ರೇ, ಇಳಿಯೋದಕ್ಕೆ ಎಷ್ಟು ಹೊತ್ತು ಕಾಯಬೇಕು?" ಎಂದು ಕೇಳಿದರು. ಹತ್ತುವವರು ನಿಗದಿಯಾದ ಸಮಯಕ್ಕೆ ಗುಂಪುಗುಂಪಾಗಿ ಬರುತ್ತಾರೆ, ಇಳಿಯುವುದಕ್ಕೆ ಸಮಯದ ನಿಗದಿಯಿಲ್ಲ. ದೀಪ ಹತ್ತಿದ ಮೇಲೆ ಎಲ್ಲರೂ ಒಟ್ಟಿಗೆ ಅದೇ ಕೆಲವೇ ಲಿಫ್ಟುಗಳ ಮುಂದೆ ಸೇರುತ್ತಾರೆ. ಮುಕ್ಕಾಲು ಗಂಟೆ ಎಂದಿಟ್ಟುಕೊಂಡು ಊಟದ ಹೊತ್ತನ್ನು ಮುಂದಕ್ಕೆ ಹಾಕಿಕೊಳ್ಳಿ ಎಂದು ಹೇಳಿದೆ.